ಸೌಕರ್ಯದ ವಸ್ತುವಲ್ಲ

ವೆಲಿಟಾ ಬಾಯಮ್ಮನಿಗೆ ಕೋಪ ಮೂಗಿನ ತುದಿಯಲ್ಲೇ ಎಂದು ದುಬೈಯ ಕರಾಮದ ಅರ್ಧ ಜನ ಹೇಳುತ್ತಾರೆ. ಉಳಿದವರು ಅವಳಿಂದ ಬೈಸಿಕೊಂಡವರು, ಅವರನ್ನು ಕೇಳುವುದೇ ಬೇಡ. ಕಿನ್ನಿಗೋಳಿಯಿಂದ ಬಂದು, ಆಸ್ಪತ್ರೆಗಳಲ್ಲಿ ಬಿಲ್ ಮಾಡಿ ಮಾಡಿ ಕೂದಲು ಹಣ್ಣಾದ ಮೇಲೆ ಕುಂಞಾಲಿಯವರ ಅಂಗಡಿ ಸೇರಿದವಳು. ಅಲ್ಲಿ ಗಾಲಿಕುರ್ಚಿ, ಸ್ನಾನದ ಸ್ಟೂಲು, ಕಮೋಡಿನ ಮೇಲೆ ಇಡುವ ಎತ್ತರದ ಸೀಟು ಸಿಗುತ್ತವೆ. ರೋಗಕ್ಕೊಂದು ಕೋಡ್, ಸಾಮಾನಿಗೊಂದು ಕೋಡ್ ಹಾಕಿ, ಎರಡನ್ನೂ ಹೊಂದಿಸಿ ಇನ್ಶೂರೆನ್ಸ್ ಕಂಪೆನಿಗೆ ಕಳಿಸುವುದು ಅವಳ ಕೆಲಸ. ಕಂಪೆನಿಗೆ ಗಾಲಿಕುರ್ಚಿ ಅರ್ಥವಾಗುತ್ತದೆ. ಬಚ್ಚಲಿನ ಸಾಮಾನು ಎಂದ ಕೂಡಲೇ 'ಸೌಕರ್ಯದ ವಸ್ತು, ಕೊಡಲಾಗದು' ಎಂಬ ಉತ್ತರ. ಅದನ್ನು ಕಂಡರೆ ವೆಲಿಟಾಳಿಗೆ ಮೈಯೆಲ್ಲ ಉರಿಯುತ್ತದೆ. ಕಕ್ಕಸಿಗೆ ಹೋಗುವುದು ಯಾವಾಗಿನಿಂದ ಸೌಕರ್ಯವಾಯಿತು? ಕಂಪೆನಿಯವರು ಹೋಗುವುದೇ ಇಲ್ಲವೇ?

ಗುಣಪಾಲಣ್ಣನ ವಿಷಯದಲ್ಲೂ ಅದೇ ಉತ್ತರ ಬಂತು. ಬರ್ ದುಬೈಯ ಬಟ್ಟೆ ಅಂಗಡಿಯಲ್ಲಿ ಸೇಲ್ಸ್‌ಮನ್ ಆಗಿದ್ದ ಉಡುಪಿ ಕಡೆಯ ಗುಣಪಾಲ, ಬಚ್ಚಲಲ್ಲಿ ಜಾರಿ ಸೊಂಟದ ಎಲುಬು ಮುರಿದುಕೊಂಡು, ಆಪರೇಷನ್ ಮುಗಿಸಿ ಡಿಸ್ಕವರಿ ಗಾರ್ಡನ್ಸಿನ ಮನೆಗೆ ಬಂದಿದ್ದರು. ಇನ್ನೊಮ್ಮೆ ಬಿದ್ದರೆ ನಡೆಯುವ ಆಸೆ ಬಿಡಬೇಕು ಎಂದು ಡಾಕ್ಟರ್ ಹೇಳಿಯಾಗಿತ್ತು. ಬಾಡಿಗೆ ಮನೆಯ ಗೋಡೆಗೆ ಡ್ರಿಲ್ ಮಾಡಲು ಓನರ್ ಬಿಡುವುದಿಲ್ಲ, ಹಾಗಾಗಿ ವೆಲಿಟಾ ನೆಲದ ಮೇಲೇ ನಿಲ್ಲುವ, ಎರಡು ಕಡೆ ಹಿಡಿಕೆಯಿರುವ ಸೀಟು ಕೇಳಿದ್ದಳು. ಡಾಕ್ಟರ ಚೀಟಿಯಿತ್ತು, ಕೋಡ್ ಸರಿಯಿತ್ತು. ಆದರೆ ಕಂಪೆನಿಯ ನರ್ಸ್ ಫೋನಿನಲ್ಲಿ ವಿಚಾರಿಸಿದಾಗ ಗುಣಪಾಲಣ್ಣ ಏನೆಂದಿದ್ದರು ಗೊತ್ತೆ? "ಸಬ್ ಠೀಕ್ ಹೈ ಸಿಸ್ಟರ್, ಸಬ್ ಖುದ್ ಕರ್ತಾ ಹೂಂ." ಎಲ್ಲ ಸರಿಯಿದೆಯಂತೆ, ಎಲ್ಲ ತಾವೇ ಮಾಡಿಕೊಳ್ಳುತ್ತಾರಂತೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ!

"ಲಕ್ವ ಅಂತ ಒಂದು ಕೋಡ್ ಸೇರಿಸಿ ಮೇಡಂ. ಪಾಸಾಗ್ತದೆ, ಖಲಾಸ್," ಎಂದರು ಕುಂಞಾಲಿ. ಕೆಟ್ಟ ಮನುಷ್ಯರೇನಲ್ಲ, ಅವರಿಗೂ ಪಾಪ ಅನಿಸಿತ್ತು.

"ಇಲ್ಲದ ರೋಗ ನಾನು ಯಾರ ಮೈಗೂ ಅಂಟಿಸುದಿಲ್ಲ," ವೆಲಿಟಾ ಕಡ್ಡಿ ಮುರಿದಂತೆ ಹೇಳಿದಳು. "ಇರುವ ನೋವೇ ಸಾಕು ಮಾರಾಯ್ರೆ. ಅದನ್ನು ಅವರು ಬಾಯಿ ಬಿಟ್ಟು ಹೇಳ್ಬೇಕು."

ಇನ್ನೊಮ್ಮೆ ವಿಚಾರಿಸಿ ಎಂದು ಕಂಪೆನಿಯ ಬೆನ್ನುಬಿದ್ದು, ನರ್ಸ್ ಫೋನ್ ಮಾಡುವ ದಿನ ತಾನೇ ಮೆಟ್ರೋ ಹತ್ತಿ ಅವರ ಮನೆಗೆ ಹೋದಳು.

ಬಾಗಿಲು ತೆರೆದ ಹೆಂಡತಿ ವಸಂತಕ್ಕನ ಒಂದು ಕೈ ಸೊಂಟದ ಮೇಲೇ ಇತ್ತು. ಚಹಾ ತಂದರು, ಎರಡೇ ಲೋಟ.

"ಗುಣಪಾಲಣ್ಣನಿಗೆ?"

"ಅವರು ಕುಡಿಯುದಿಲ್ಲ ಬಾಯಮ್ಮ. ನೀರೂ ಇಲ್ಲ. ಕುಡಿದ್ರೆ ಹೋಗ್ಬೇಕಲ್ಲ. ಹೋದ್ರೆ ನಾನು ಎತ್ತಬೇಕು."

ಗುಣಪಾಲಣ್ಣ ಟಿವಿಯ ಕಡೆ ಮುಖ ತಿರುಗಿಸಿದರು. ಅಷ್ಟರಲ್ಲಿ ಫೋನ್ ಬಂತು. ಕಮೋಡಿನಿಂದ ನೀವೇ ಏಳುತ್ತೀರಾ ಎಂದು ನರ್ಸ್ ಹಿಂದಿಯಲ್ಲಿ ಕೇಳಿದಳು.

"ಸಬ್ ಠೀಕ್..." ಎಂದು ಅವರು ಶುರುಮಾಡಿಯೇಬಿಟ್ಟರು.

ವಸಂತಕ್ಕ ಲೋಟ ಕುಕ್ಕಿದರು. "ಹಾಗಾದ್ರೆ ಇವತ್ತಿಂದ ನೀವೇ ಏಳಿ. ಎತ್ತುದು ಗಿತ್ತುದು ಮಾಫಿ, ಇನ್ನು ಇಲ್ಲವೇ ಇಲ್ಲ! ನಿಮ್ಮ ಮರ್ಯಾದೆ ಹೊತ್ತು ನನ್ನ ಬೆನ್ನು ಹೋಯ್ತು."

ಗಂಡನೆದುರು ಎಂದೂ ದನಿಯೇರಿಸಿದವರಲ್ಲ ಅವರು. ಫೋನಿನಲ್ಲಿ ನರ್ಸ್ ಹಲೋ ಹಲೋ ಎನ್ನುತ್ತಿದ್ದಳು.

"ನೀವು ಬೀಳುವಾಗ ಮರ್ಯಾದೆ ಬಂದು ಹಿಡ್ಕೊಳ್ಳಲಿಲ್ಲ ಗುಣಪಾಲಣ್ಣ," ಎಂದಳು ವೆಲಿಟಾ. "ಹೇಳಿ."

ಗುಣಪಾಲಣ್ಣನ ಕಿವಿ ಕೆಂಪಾಯಿತು. ಹಿಂದಿಯಲ್ಲೇ, ಜಗಳಕ್ಕೆ ನಿಂತವರ ಹಾಗೆ ಗಟ್ಟಿಯಾಗಿ ಹೇಳಿದರು. ನನಗೆ ಏಳಲಿಕ್ಕೆ ಆಗುವುದಿಲ್ಲ. ನನ್ನ ಹೆಂಡತಿ ಎತ್ತುತ್ತಾಳೆ. ನೀರು ಕುಡಿಯುವುದು ಬಿಟ್ಟಿದ್ದೇನೆ. ಬರೆದುಕೊಳ್ಳಿ ಸಿಸ್ಟರ್, ಇದು ಸೌಕರ್ಯವಾ?

ಈ ಬಾರಿ ಒಪ್ಪಿಗೆ ಬಂತು, ಮುರಿದ ಎಲುಬಿನ ಕೋಡಿಗೇ ಬಂತು. ಕುಂಞಾಲಿಯವರ ಮೇಜಿನ ಮುಂದೆ ವೆಲಿಟಾ ಬೇಕೆಂದೇ ಒಂದು ಸುತ್ತು ಹೆಚ್ಚು ನಡೆದಳು. ಸೀಟಿನ ಜೊತೆ ತಾನೂ ಹೋಗಿ, ಅದರ ಕಾಲುಗಳ ಎತ್ತರ ಸರಿಮಾಡಿ ಕೊಟ್ಟಳು. ಗುಣಪಾಲಣ್ಣ ಚೊಂಬು ಎತ್ತಿ ಗಟಗಟ ನೀರು ಕುಡಿದರು. ಸ್ವಲ್ಪ ಹೊತ್ತಿಗೆ ವಾಕರ್ ಹಿಡಿದು ಬಚ್ಚಲಿಗೆ ನಡೆದರು. ವಸಂತಕ್ಕ ಅಭ್ಯಾಸದಂತೆ ಹಿಂದೆಯೇ ಹೊರಟರು. ಬಾಗಿಲು ಮುಚ್ಚಿತು, ಒಳಗಿನಿಂದ ಚಿಲಕ ಬಿದ್ದ ಸದ್ದು ಕೇಳಿತು.

ಚಿಲಕ ಹಾಕಬಾರದು ಎಂಬುದು ವೆಲಿಟಾ ಎಲ್ಲರಿಗೂ ಹೇಳಿಕೊಡುವ ಮೊದಲ ಪಾಠ. ಬೈಯಲು ಬಾಯಿ ತೆರೆದಳು. ಮುಚ್ಚಿದ ಬಾಗಿಲಿನ ಈಚೆ, ಮಾಡಲು ಏನೂ ಇಲ್ಲದೆ ಕೈ ಇಳಿಬಿಟ್ಟು ನಿಂತಿದ್ದ ವಸಂತಕ್ಕನ ಕಣ್ಣು ತುಂಬಿತ್ತು.

"ಇವತ್ತೊಂದು ದಿನ ಹಾಕ್ಲಿ," ಎಂದಳು ವೆಲಿಟಾ. "ನೀವು ಕೂತ್ಕೊಳ್ಳಿ."