ಕಂಪ್ಯೂಟರಿಗೆ ಕಬ್ಬು ತೋರಿಸಿದ ಸುಂದರಾಬಾಯಿ

ಬೆಳಗಿನ ಆರಕ್ಕೆ ಇನ್ನೂ ಹತ್ತು ನಿಮಿಷ. ಸುಂದರಾಬಾಯಿ ಕಾಂಬಳೆ ಸೀರೆ ಎತ್ತಿ ಕಟ್ಟಿಕೊಂಡು ನಡುಗಟ್ಟಿ ಎಂಬ ಊರಿನ ಘಾಟಿನ ಮೆಟ್ಟಿಲು ಇಳಿಯುತ್ತಾರೆ. ಮಳೆಗಾಲದ ಕೃಷ್ಣೆ ಕೆಮ್ಮಣ್ಣಿನ ಬಣ್ಣಕ್ಕೆ ತಿರುಗಿದ್ದಾಳೆ. ನೀರಲ್ಲಿ ನೆಟ್ಟ ಅಳತೆಪಟ್ಟಿಯ ಎದುರು ಕುಕ್ಕರಗಾಲಲ್ಲಿ ಕೂತು, ಅಲೆ ಏರಿ ಇಳಿಯುವುದನ್ನು ಮೂರು ಸಲ ನೋಡಿ, ನಡುವಿನ ಅಂಕಿಯನ್ನು ವಹಿಯಲ್ಲಿ ಬರೆಯುತ್ತಾರೆ. ಬಟ್ಟೆ ಒಗೆಯಲು ಬಂದ ತಾರವ್ವ ಕೆಣಕುತ್ತಾಳೆ.

"ಏನಬೇ ಸುಂದರಾ, ಹೊಳಿ ಏನಂತು?"

"ನಿನ್ನಷ್ಟು ಮಾತಾಡೂದಿಲ್ಲಬೇ ಅದು. ನಾಕು ಬಟ್ಟು ಏರೇನಿ ಅಂತು, ಅಷ್ಟ."

ನಾಲ್ಕನೇ ಇಯತ್ತೆ ಓದಿದ ಸುಂದರಾಬಾಯಿಗೆ ಈಗ ನಲವತ್ತಾರು. ಹನ್ನೆರಡು ವರ್ಷದ ಹಿಂದೆ ಕಬ್ಬಿನ ಹೊಲದಲ್ಲಿ ಕಳೆ ತೆಗೆಯುತ್ತಿದ್ದರು. ಆಗ ಹೊಳೆ ಅಳೆಯುತ್ತಿದ್ದಾತ ಮನೆಯಲ್ಲೇ ಕೂತು ಅಂಕಿ ಬರೆಯುತ್ತಿದ್ದ. ಅವನ ವಹಿಯಲ್ಲಿ ಇಳಿದ ಹೊಳೆ ಊರ ಅಗಸಿ ಬಾಗಿಲಿಗೆ ಬಂದು ನಿಂತಾಗ ಸಿಕ್ಕಿಬಿದ್ದ. ಆ ಕೆಲಸ ಇವರಿಗೆ ಬಂತು. ಮಳೆಗಾಲದಲ್ಲಿ ದಿನಕ್ಕೆ ಮೂರು ಸಲ, ಹೊಳೆ ಉಕ್ಕಿದರೆ ತಾಸಿಗೊಮ್ಮೆ ಇಳಿದು ನೋಡಿ, ಅಂಚೆ ಕಚೇರಿಯ ಫೋನಿನಿಂದ ಬೆಳಗಾವಿಯ ನೀರಾವರಿ ಕಚೇರಿಗೆ ಹೇಳಬೇಕು. ಒಮ್ಮೆ ಪಾಚಿಯ ಮೇಲೆ ಜಾರಿ ಎಡಗೈ ಮುರಿಯಿತು. "ಬರಿಯೂದು ಬಲಗೈಲೆ. ರಜಾ ಯಾಕ್ರಿ?" ಎನ್ನುತ್ತಾರೆ.

ಹೋದ ವರ್ಷ, 1996ರ ಬೇಸಿಗೆಯಲ್ಲಿ, ಬೆಳಗಾವಿಯಿಂದ ಕುಸುಮ ಎಂಬ ಇಂಜಿನಿಯರು ಬಂದರು. ಹೊಳೆ ಉಕ್ಕಿದಾಗ ನೀರು ಹೊಲಗದ್ದೆಗಳ ಮೇಲೆ ಹೇಗೆ ಹರಡುತ್ತದೆ, ಯಾವ ಮನೆಗೆ ಯಾವಾಗ ಮುಟ್ಟುತ್ತದೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವ ಕೆಲಸ. ಹೊಲಹೊಲದ ಏರುತಗ್ಗು ಅಳೆಯುವಾಗ ಕೋಲು ಹಿಡಿದು ನಿಂತವರು ಸುಂದರಾಬಾಯಿಯೇ. ಆ ನಕ್ಷೆ ನೋಡಿಯೇ ತಾಲೂಕು ಕಚೇರಿಯವರು ಮೊದಲು ಯಾರನ್ನು ಸಾಗಿಸಬೇಕೆಂಬ ಯಾದಿ ಮಾಡುವವರಿದ್ದರು.

ಮೇ ತಿಂಗಳಲ್ಲಿ ನಕ್ಷೆ ಬಂತು. ನೀರು ಬರುವಲ್ಲೆಲ್ಲ ನೀಲಿ. ಸುಂದರಾಬಾಯಿಯ ಓಣಿಯ ಇಪ್ಪತ್ತೆರಡು ಮನೆ ಮಾತ್ರ ಬೆಳ್ಳಗೆ. ಅದಕ್ಕೆ ಎರಡು ವರ್ಷ ಮೊದಲು ಹೊಳೆ ಉಕ್ಕಿದಾಗ ಅದೇ ಮನೆಗಳ ಜನ ಪತ್ರಾಸಿನ ಮಾಡಿನ ಮೇಲೆ ಎರಡು ದಿನ ಕೂತು ದೋಣಿಯ ದಾರಿ ಕಾಯ್ದಿದ್ದರು. ನಕ್ಷೆ ಹೀಗೇ ಉಳಿದರೆ ಯಾದಿಯಲ್ಲಿ ಅವರ ಹೆಸರೇ ಇರುವುದಿಲ್ಲ.

"ಬಾಯಾರ, ಈ ನೀಲಿ ನಮ್ಮ ಓಣಿ ಮುಂದ ಯಾಕ ನಿಂತತ್ರಿ? ನಮ್ಮನ್ನ ಕಂಡು ಮಡಿ ಮಾಡತೈತೇನು?"

ಕುಸುಮ ನಕ್ಕರೂ ಮುಖ ಕೆಂಪಾಯಿತು. "ಮಶೀನ್ ಹಂಗ ಹೇಳತೈತಿ ಸುಂದರಾಬಾಯಿ. ನೀರು ಹೊಲದ ಮ್ಯಾಲ ಹಾದು ಬಡಾಬಡಾ ಮುಂದ ಹೋಗಿಬಿಡತೈತಿ."

"ಯಾವ ಹೊಲದ ಮ್ಯಾಲ್ರಿ? ನೀವು ಅಳದದ್ದು ಹೋಳಿ ಹುಣ್ಣಿಮಿ ಆದ ಮ್ಯಾಲ. ಕಬ್ಬು ಕಾರ್ಖಾನಿಗೆ ಹೋಗಿ ಹೊಲ ಬೋಳಾಗಿದ್ದೂ. ಹೊಳಿ ಬರೂದು ಶ್ರಾವಣದಾಗ. ಅವಾಗ ಕಬ್ಬು ನನಗಿಂತ ಎತ್ತರ ಇರತೈತಿ."

ಮಾತು ಸಾಲದೆನಿಸಿ ಅಂಗಳದಲ್ಲಿ ಹಿಟ್ಟು ನಾದುವ ಪರಾತವನ್ನು ಓರೆ ಇಟ್ಟು ತಂಬಿಗೆ ನೀರು ಸುರಿದರು. ಸರ್ರನೆ ಇಳಿಯಿತು. ಆಮೇಲೆ ಕಸಬರಿಗೆಯನ್ನು ಅಡ್ಡ ಮಲಗಿಸಿ ಮತ್ತೆ ಸುರಿದರು. ನೀರು ತಡೆದು, ಉಬ್ಬಿ, ಪಕ್ಕಕ್ಕೆ ಹೊರಳಿತು. ಅತ್ತ ಬೆರಳು ತೋರಿಸಿ, "ಇಲ್ಲೇ ನೋಡ್ರಿ ನಮ್ಮ ಓಣಿ," ಎಂದರು.

ಕುಸುಮ ಪರಾತದ ಮುಂದೆ ಬಗ್ಗಿ ನೋಡಿದರು. "ಹೊಲ ನೀರನ್ನ ಎಷ್ಟು ತಡೀತೈತಿ ಅನ್ನೂದಕ್ಕ ಮಶೀನಿಗೆ ಒಂದು ಅಂಕಿ ಕೊಡತೀವಿ. ನಾ ಬೋಳ ಹೊಲದ ಅಂಕಿ ಕೊಟ್ಟಬಿಟ್ಟೇನಿ," ಎಂದು ಎದ್ದರು. ಬೆಳಗಾವಿಗೆ ಹೋಗಿ ಕಬ್ಬು ನಿಂತ ಹೊಲದ ಅಂಕಿ ಕೊಟ್ಟರು. ಇಡೀ ದಿನ ಲೆಕ್ಕ ಹಾಕಿದ ಯಂತ್ರ ಸಂಜೆಗೆ ಹೊಸ ನಕ್ಷೆ ಕೊಟ್ಟಿತು. ನೀಲಿ ಓಣಿಯೊಳಗೆ ನುಗ್ಗಿತ್ತು.

ಅದೇ ಶ್ರಾವಣದಲ್ಲಿ ಹೊಳೆ ಉಕ್ಕಿತು. ಯಾದಿಯಲ್ಲಿ ಓಣಿಯೂ ಇತ್ತು. ಮಧ್ಯಾಹ್ನವೇ ಟ್ರ್ಯಾಕ್ಟರು ಬಂದವು. ಇಪ್ಪತ್ತೆರಡೂ ಮನೆಯವರು ಆಡು, ಕೋಳಿ, ಹಿಟ್ಟಿನ ಡಬ್ಬಿ ಸಮೇತ ದಿಬ್ಬದ ಸಾಲೆ ಸೇರಿದರು. ಓಣಿಗೆ ನೀರು ಹೊಕ್ಕಿದ್ದು ಮರುದಿನ ಬೆಳಿಗ್ಗೆ. ಇಳಿದ ಮೇಲೆ ಗೋಡೆಯ ಕೆಸರಿನ ಗೆರೆ ಅಳೆದರೆ, ಕಂಪ್ಯೂಟರು ಹೇಳಿದ್ದಕ್ಕಿಂತ ಒಂದು ಗೇಣು ಮೇಲಿತ್ತು. "ಲೆಕ್ಕದಾಗ ಕಬ್ಬು ಇನ್ನೊಂದೀಟು ದಟ್ಟ ಹಿಡೀಬೇಕಿತ್ರಿ ಬಾಯಾರ," ಎಂದರಂತೆ ಸುಂದರಾಬಾಯಿ. ಕುಸುಮ ಹಾಗೇ ತಿದ್ದಿದರು.

ವರದಿಯಲ್ಲಿ ಸುಂದರಾಬಾಯಿಯ ಹೆಸರಿಲ್ಲ. ಅವರಿಗೆ ಅದರ ಚಿಂತೆಯೂ ಇಲ್ಲ. ನಕ್ಷೆಗೆ ಗಾಜು ಹಾಕಿಸಿ ಅಥಣಿಯ ತಾಲೂಕು ಕಚೇರಿಯಲ್ಲಿ ತೂಗುಹಾಕಿದ್ದಾರಲ್ಲ, ಅದೊಂದು ಅವರಿಗೆ ಸರಿಬಂದಿಲ್ಲ.

"ಕಚೇರಿಗೆ ಹೊಳಿ ಬರೂದಿಲ್ರಿ, ನಮ್ಮ ಓಣಿಗೆ ಬರತೈತಿ. ಇಲ್ಲಿ ನಮ್ಮ ಬುದ್ಧ ವಿಹಾರದ ಗ್ವಾಡಿಗೆ ಅಂಥಾದ್ದೊಂದು ಹಚ್ಚರಿ ಅಂತ ಕೇಳೇನಿ. ಆದ್ರ ನೀರು ಮುಟ್ಟಲಾರದಷ್ಟು ಮ್ಯಾಲ ಹಚ್ಚಬೇಕು. ಎಷ್ಟು ಮ್ಯಾಲ ಅಂತ ಮಶೀನಿಗೆ ಕೇಳಾಕ ಹೋಗಬ್ಯಾಡ್ರಿ. ನಾ ತೋರಸ್ತೇನಿ."