ನನ್ನ ದಮ್ಮಿಗೆ ಒಗ್ಗಿದ ಕೊಳವೆ

ಮಾನಂತವಾಡಿಯ ಡಾಕ್ಟರು ಕೇಳಿದ್ದು ಮಲಯಾಳದಲ್ಲಿ, ನನಗೆ ಅರ್ಥವಾದದ್ದು ಅರ್ಧ. "ವಲಿವುಂಡೋ?" ಎಂದರು. ಉಬ್ಬಸ ಇದೆಯೇ ಎಂದು ಅವರ ಪ್ರಶ್ನೆ. ಕೇರಳದ ಗಡಿಯೂರು ಬಾವಲಿಯ ನಮ್ಮಂಥ ಕನ್ನಡದವರಿಗೆ ವಲಿ ಅಂದರೆ ಬೀಡಿ ಎಳೆಯುವುದೇ. "ಉಂಡು, ದಿವಸಂ ಪತ್ತ್" ಎಂದು ಒಪ್ಪಿಕೊಂಡುಬಿಟ್ಟೆ. ದಿನಕ್ಕೆ ಹತ್ತು! ಪಕ್ಕದಲ್ಲಿ ಐದು ತಿಂಗಳ ಕೂಸನ್ನು ಮಡಿಲಲ್ಲಿಟ್ಟುಕೊಂಡಿದ್ದ ಮಗಳ ಮುಖ ನೋಡಬೇಕಿತ್ತು. ಇಷ್ಟು ವರ್ಷ ಕಾಪಾಡಿದ ಗುಟ್ಟನ್ನು ನನ್ನ ಬಾಯಿಯೇ ಬಿಟ್ಟುಕೊಟ್ಟಿತ್ತು. ಬೀಡಿ ಬಿಡಲೇಬೇಕು ಎಂದರು ಡಾಕ್ಟರು.

ನಾನೇನು ಶೋಕಿಗೆ ಬೀಡಿ ಹಿಡಿದವಳಲ್ಲ. ಮಳೆಗಾಲದಲ್ಲಿ ಮೆಣಸಿನ ತೋಟಕ್ಕೆ ಇಳಿದರೆ ಕಾಲಿಗೆ ಇಂಬಳ, ಅದೇ ಜಿಗಣೆ, ಕಚ್ಚುತ್ತಿತ್ತು. ಬೀಡಿಯ ಕೆಂಡ ಮುಟ್ಟಿಸಿದರೆ ಬಿಡುತ್ತಿತ್ತು. ಆ ಕೆಂಡ ಆರದಿರಲು ಆಗಾಗ ಎಳೆಯಬೇಕಲ್ಲ? ಇಂಬಳ ಬಿಟ್ಟುಹೋಯಿತು, ಬೀಡಿ ಬಿಡಲಿಲ್ಲ. ಗಂಡಸರು ಜಗಲಿಯಲ್ಲಿ ಕೂತು ಎಳೆದರೆ ಯಾರೂ ಕೇಳುವುದಿಲ್ಲ, ಹೆಂಗಸು ಎಳೆದರೆ ಊರಿಗೆಲ್ಲ ಕೆಮ್ಮು. ಅದಕ್ಕೆ ನನಗೆ ಇವತ್ತಿಗೂ ಸಿಟ್ಟಿದೆ.

ಮನೆಗೆ ಬಂದ ಮೇಲೆ ಮಗಳು ಹೇಳಿದ್ದು ಒಂದೇ ಮಾತು. "ಬೀಡಿ ನಾತ ಹೋಗೋಗಂಟ ಕೂಸ್ನ ಮುಟ್ಬ್ಯಾಡ ಅವ್ವ."

"ನಿನ್ನ ಸಾಕಿದ ಕೈ ಕಣೇ ಇದು, ನಾತ ಅಂತೀಯಾ?" ಎಂದೆ. ಅವಳು ಕೂಸನ್ನು ಎತ್ತಿಕೊಂಡು ಒಳಗೆ ಹೋದಳು. ಅಂದಿನಿಂದ ಅದು ತೊಟ್ಟಿಲಲ್ಲಿ ಅತ್ತರೂ ನಾನು ಬಾಗಿಲಲ್ಲೇ ನಿಲ್ಲಬೇಕಾಯಿತು.

ಆಗ ಸಿಕ್ಕಿದ್ದು ವೇಪು, ಬ್ಯಾಟರಿಯಿಂದ ಆವಿ ಬಿಡುವ ಸಿಗರೇಟು. ಗಲ್ಫಿನಿಂದ ರಜೆಗೆ ಬಂದಿದ್ದ ಪಕ್ಕದ ಮನೆಯವನು ತನ್ನ ಹಳೆಯ ಎರಡನ್ನು ಕೊಟ್ಟ. ನಮ್ಮ ದೇಶದಲ್ಲಿ ಇದನ್ನು ಮಾರುವ ಹಾಗಿಲ್ಲ ಎಂದೂ ಹೇಳಿದ. ನಾನೇನು ಅಂಗಡಿ ಇಡಲು ಹೊರಟಿದ್ದೆನೇ? ಮೊದಲನೆಯದು ಮುಷ್ಟಿ ತುಂಬುವಷ್ಟು ದಪ್ಪ, ಮಾವಿನ ಹಣ್ಣಿನ ವಾಸನೆ. ಒಂದು ದಮ್ಮು ಎಳೆದು ಬಿಟ್ಟೆ, ನೀರೊಲೆಯ ಹಂಡೆಯ ಮುಚ್ಚಳ ತೆಗೆದ ಹಾಗೆ ಆವಿ ಎದ್ದಿತು. ಹಿತ್ತಲಿನ ಕೋಳಿಗಳು ದಿಕ್ಕಾಪಾಲಾದವು. ಥೂ, ಬೀಡಿ ಎಳೆದವರಿಗೆ ಇಂಥದ್ದು ನಾಟುತ್ತದೆಯೇ? ನಮಗೆ ಬಿಗಿ ಬೇಕು, ಎಳೆದರೆ ಕೆನ್ನೆ ಒಳಗೆ ಹೋಗಬೇಕು.

ಎರಡನೆಯದು ಪೆನ್ನಿನಷ್ಟು ಸಣ್ಣ ಕೊಳವೆ. ಪಕ್ಕದಲ್ಲಿ ಗಾಳಿಯ ತೂತು. ಮುಚ್ಚಿದರೆ ಉಸಿರು ಕಟ್ಟುತ್ತಿತ್ತು, ಪೂರ್ತಿ ತೆಗೆದರೆ ಸಪ್ಪೆ.

"ಕೊರಚ್ಚು, ವಸಿ ಜಾಸ್ತಿ ತೆಗೀರಿ ಅಕ್ಕ, ಎಲ್ಲಾರೂ ಅಂಗೇ ಎಳೆಯಾದು," ಎಂದ ಪಕ್ಕದ ಮನೆಯವನು.

"ಎಲ್ಲಾರ ಬಾಯೂ ನನ್ನ ಮುಖದಾಗ್ ಐತಾ?" ಎಂದೆ. ಒಂದು ವಾರ ಉಗುರಿನಲ್ಲಿ ತಿರುಗಿಸಿ ತಿರುಗಿಸಿ, ತೂತನ್ನು ಕಾಲು ಭಾಗ ತೆರೆದಿಟ್ಟಾಗ ಹದ ಸಿಕ್ಕಿತು. ಕೊಳವೆಯೊಳಗೆ ಸಿಹಿಯಿಲ್ಲದ ಹೊಗೆಸೊಪ್ಪಿನ ರಸ, ಮೂರು ಚಿಕ್ಕ ದಮ್ಮು, ಸಾಕು. ಉಳಿದ ಬೀಡಿಕಟ್ಟನ್ನು ಒಲೆಗೆ ಹಾಕಿದೆ. ಕೊಳವೆ ಸೆರಗಿನ ಗಂಟಿಗೆ ಬಂತು.

ಮಗಳು ನನ್ನ ಕೈಯನ್ನೂ ಸೆರಗನ್ನೂ ಮೂಸಿ ನೋಡಿದಳು. ನಾತ ಇರಲಿಲ್ಲ. ಕೊಳವೆ ತೋರಿಸಿ, ಇದು ಬರೀ ಆವಿ ಎಂದೆ. ಕೂಸನ್ನು ಕೊಟ್ಟಳು, ಆದರೆ ಸುಮ್ಮನಿರಲಿಲ್ಲ. "ಇದೂ ವಲಿನೇ ತಾನೆ? ಬರೀ ಆವಿ ಅನ್ನಂಗಿದ್ರೆ ಕೂಸ್ನ ಮುಂದೇನೆ ಎಳಿ, ನೋಡಾನ."

ಎಳೆಯುತ್ತೇನೆ, ನನಗೇನು ಹೆದರಿಕೆ? ಒಂದು ತೋಳಲ್ಲಿ ಕೂಸು, ಇನ್ನೊಂದು ಕೈಯಲ್ಲಿ ಕೊಳವೆ. ತುಟಿಗೆ ತಂದೆ. ಕೂಸು ನನ್ನ ಬೆರಳು ಹಿಡಿದು ಕೊಳವೆಯನ್ನು ತನ್ನ ಕಡೆಗೆ ಜಗ್ಗಿತು. ಹಾಲಿಗೆ ತೆರೆಯುವ ಹಾಗೆ ಬಾಯಿ ತೆರೆಯಿತು.

ಕೊಳವೆಯನ್ನು ಅಂಗಳದಾಚೆಗೆ ಬೀಸಿ ಒಗೆದೆ.

ಈಗಲೂ ಕೈ ಸೆರಗಿನ ಗಂಟನ್ನು ತಡಕುತ್ತದೆ. ಬಾಯಿ ಚಡಪಡಿಸುತ್ತದೆ, ಕಂಡಕಂಡವರ ಮೇಲೆಲ್ಲ ರೇಗುತ್ತೇನೆ. ಮಗಳು ತಾನು ಗೆದ್ದೆ ಅಂದುಕೊಂಡಿದ್ದಾಳೆ. ಅಂದುಕೊಳ್ಳಲಿ. ಅವಳ ಮಾತಿಗೂ ನಾನು ಬಗ್ಗಿಲ್ಲ, ಡಾಕ್ಟರ ಮಾತಿಗೂ ಬಗ್ಗಿಲ್ಲ. ನಾನು ಸೋತದ್ದು ಹಲ್ಲಿಲ್ಲದ ಆ ಬಾಯಿಗೆ.