ಒಂದ ಖೋಲಿ ಮನಿ

ಗೋವಾದ ವಾಸ್ಕೋದಲ್ಲಿ ಹಡಗು ಏಜೆಂಟರೊಬ್ಬರ ಕಚೇರಿಯಲ್ಲಿ ಗೀತಾಂಜಲಿ ವರ್ಷಗಟ್ಟಲೆ ಕಂಟೇನರುಗಳ ನಂಬರು ಟೈಪು ಮಾಡಿದಳು. ಕೈ ಕೀಲಿಮಣೆಯ ಮೇಲಿದ್ದರೂ ಮನಸ್ಸು ಮಾತ್ರ ಝುವಾರಿನಗರದ ಒಂದೇ ಖೋಲಿಯ ತಮ್ಮ ಮನೆಯಲ್ಲಿ ಸುತ್ತುತ್ತಿತ್ತು. ಟ್ರಂಕನ್ನು ಕಿಟಕಿಯ ಕೆಳಗೆ ಎಳೆದರೆ ಕೂರಲು ಜಾಗವಾದೀತೇ? ಅವ್ವನ ಹಳೆಯ ಇಳಕಲ್ ಸೀರೆಯನ್ನು ಪರದೆ ಮಾಡಿದರೆ ಒಲೆ ಮರೆಯಾದೀತೇ? ಸಂಜೆ ಮನೆಗೆ ಬಂದು ಚಪ್ಪಲಿ ಬಿಟ್ಟಳೋ ಇಲ್ಲವೋ, ಸಾಮಾನಿನ ಎಳೆದಾಟ ಶುರು.

“ದಿನಾ ಒಂದೊಂದ್ ಮೂಲ್ಯಾಗ ಮಲಗೂದಾಗೇತಿ ನನಗ,” ಎಂದು ಕಟ್ಟಡದ ಕೆಲಸದಿಂದ ದಣಿದು ಬಂದ ತಾಯಿ ಹನುಮವ್ವ ಗೊಣಗುವಳು. “ಒಂದ್ ಗಳಿಗಿ ಸುಮ್ನ ಕುಂದ್ರಾಕ ಬರಂಗಿಲ್ಲೇನ ನಿನಗ?”

2010ರಲ್ಲಿ ಸೈಬರ್ ಕೆಫೆಯಲ್ಲಿ ಕೂತು ಅವಳು ‘ಒಂದ ಖೋಲಿ ಮನಿ’ ಎಂಬ ಬ್ಲಾಗು ತೆರೆದಳು. ಹಣ್ಣಿನ ಪೆಟ್ಟಿಗೆಯ ಕಪಾಟು, ಪಕ್ಕದ ಮನೆಯ ಭೂರಿಬಾಯಿ ಕನ್ನಡಿಚೂರು ಕೂರಿಸಿದ ಗೋಡೆ, ಕುಡಚಡೆ ಊರಿನ ಲಾರಿ ಡ್ರೈವರನ ನೀಲಿ ಬಾಗಿಲು, ಎಲ್ಲದರ ಫೋಟೋ ಹಾಕಿ ಕನ್ನಡದಲ್ಲಿ ಬರೆದಳು. ಹುಬ್ಬಳ್ಳಿಯಿಂದ, ಮಸ್ಕತ್ತಿನಿಂದ ಗುರುತಿಲ್ಲದವರು ಮೆಚ್ಚಿ ಬರೆದರು. ಮರುವರ್ಷ ಕೆಲಸಕ್ಕೆ ರಾಜೀನಾಮೆ ಕೊಟ್ಟುಬಿಟ್ಟಳು.

“ಕುರ್ಚಿ ಮ್ಯಾಲಿನ ಕೆಲಸ ಬಿಟ್ಟು ಮಂದಿ ಗ್ವಾಡಿ ನೋಡ್ಕೋತ ತಿರಗ್ತಿ?” ಎಂದು ಹನುಮವ್ವ ರೇಗಿದಳು.

ಕೆಲಸ ಬಿಟ್ಟ ಮೇಲೂ ನೆಮ್ಮದಿಯೇನೂ ಸಿಗಲಿಲ್ಲ. ಓಣಿಯ ಮಕ್ಕಳಿಗೆ ಪಾಠ ಹೇಳಿ ಹೊಟ್ಟೆ ಹೊರೆಯುತ್ತ, ಹೊಸ ಮನೆಗಳನ್ನು ನೋಡಲು ಕೆಪೆ ಊರಿನತ್ತ ಬಸ್ಸು ಹತ್ತುವಳು. ಬ್ಲಾಗಿಗೆ ಯಾರಾದರೂ ಏನಾದರೂ ಬರೆದಿರಬಹುದೆಂದು ನಡುದಾರಿಯಲ್ಲೇ ಇಳಿದು ಕೆಫೆ ಹುಡುಕುವಳು. ತಪ್ಪು ಮಾಡಿದೆನೇ ಎಂಬ ಪ್ರಶ್ನೆ ಕೂತಲ್ಲಿ ನಿಂತಲ್ಲಿ ಕೊರೆಯುತ್ತಿತ್ತು.

ಅಂಥ ಹೊತ್ತಿನಲ್ಲೇ ಬಣ್ಣದ ಕಂಪನಿಯೊಂದರಿಂದ ಫೋನು ಬಂತು. ಓಣಿಗೆಲ್ಲ ಬಣ್ಣ ಹಚ್ಚಿಸಿ ಕೊಡುತ್ತೇವೆ, ನೀವು ಅದರ ಬಗ್ಗೆ ಬರೆಯಿರಿ, ಚೆನ್ನಾಗಿ ಬಂದರೆ ವರ್ಷವಿಡೀ ಕೆಲಸ ಕೊಡುತ್ತೇವೆ ಎಂದರು. ಭೂರಿಬಾಯಿ ತನ್ನ ಗೋಡೆಗೂ ಹಚ್ಚಿಸಿಕೊಂಡಳು. ಗೀತಾಂಜಲಿ ಹೊಗಳಿ ಬರೆದಳು.

ಮೊದಲ ಮಳೆಗೇ ಗೋಡೆಗಳು ಪೊರೆ ಬಿಟ್ಟವು. ಭೂರಿಬಾಯಿ ಅವಳ ಕೈ ಹಿಡಿದು ಎಳೆದೊಯ್ದು ತೋರಿಸಿದಳು. “ಚಲೋ ಐತಿ ಅಂತ ಬರದಿ. ಈಗ ಇದನ್ನೂ ಬರಿ. ಇಲ್ಲಾಂದ್ರ ಮತ್ತ ನನ್ನ ಮನಿಗೆ ಕ್ಯಾಮರಾ ತರಬ್ಯಾಡ.”

ಗೀತಾಂಜಲಿ ಫೋಟೋ ತೆಗೆದಳು. ಕೆಫೆಯ ಬಾಗಿಲ ತನಕ ಹೋಗಿ ತಿರುಗಿ ಬಂದಳು, ಮತ್ತೆ ಹೋದಳು. ಕೊನೆಗೆ ಬಣ್ಣ ಕಿತ್ತುಬಂದ ಗೋಡೆಗಳ ಚಿತ್ರ ಹಾಕಿ, ‘ಮಳೆಗಾಲ ಕಾಯದೆ ಹೊಗಳಿದ್ದು ನನ್ನ ತಪ್ಪು’ ಎಂದು ಬರೆದಳು. ಕಂಪನಿಯವರು ಅದನ್ನು ಅಳಿಸಿಹಾಕಲು ಹೇಳಿದರು. ಅವಳು ಅಳಿಸಲಿಲ್ಲ. ವರ್ಷದ ಕೆಲಸ ಕೈತಪ್ಪಿತು.

ಕೆಲವು ವಾರಗಳ ಮೇಲೆ ಮಡಗಾಂವಿನಲ್ಲಿ ಖಾನಾವಳಿ ನಡೆಸುವ ಬಾಗಲಕೋಟೆಯ ಗಣಪ್ಪ ಫೋನು ಮಾಡಿದ.

“ನನ್ನ ಖಾನಾವಳಿ ಭಾಳ ಇಕ್ಕಟ್ಟ್ರಿ. ಬಂದ್ ನೋಡಿ ಏನ್ ಮಾಡಬೇಕ ಹೇಳ್ರಿ.”

“ಹೇಳ್ತೇನ್ರಿ. ಆದ್ರ ಬ್ಲಾಗಿನ್ಯಾಗ ಹೊಗಳಿ ಬರಿಯಂಗಿಲ್ಲ.”

“ನಿಮ್ಮ ಗ್ವಾಡಿ ಸುದ್ದಿ ಓದೇ ಕರ್‍ಯಾಕತ್ತೇನ್ರಿ,” ಎಂದು ಅವನು ನಕ್ಕ.

ಆ ಕೆಲಸದಿಂದ ಇನ್ನೆರಡು ಕೆಲಸ ಹುಟ್ಟಿದವು, ಬ್ಲಾಗೂ ನಡೆಯಿತು. 2012ರ ಹೊತ್ತಿಗೆ ಪಾಠ ಹೇಳುವುದು ನಿಂತಿತ್ತು. ಯಾರಾದರೂ ಕೇಳಿದರೆ ಹನುಮವ್ವ, “ಮನಿ ಬಗ್ಗೆ ಬರೀತಾಳ್ರಿ ನನ್ನ ಮಗಳು, ಮನ್ಯಾಗ ಮಾತ್ರ ಇರಂಗಿಲ್ಲ,” ಎನ್ನುತ್ತಿದ್ದಳು.